ಏಣಿ ಚೆನ್ನಾಗಿದೆ

ಜನವರಿ 19

ವಕೀಲೆ ಯಮೀಲೆ ಕಾಂತಿಯೊ ದಿನಾ ನೋವಿನ ವಿವರ ಬರೆದಿಡಿ ಅಂದಿದ್ದಾಳೆ. ಎಲ್ಲಿ ನೋಯುತ್ತದೆ, ನಿದ್ದೆ ಬಂತೇ, ಬಚ್ಚಲಿಗೆ ಒಬ್ಬನೇ ಹೋಗಲಾಯಿತೇ. ಕೇಸಿಗೆ ಬೇಕಂತೆ. ಅದನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟರಾಯಿತು. ಇದು ನನಗೊಬ್ಬನಿಗೆ. ಯಾರು ನನ್ನ ಪರ, ಯಾರು ಬೆನ್ನ ಹಿಂದೆ ಅನ್ನುವುದನ್ನು ಎಲ್ಲಾದರೂ ಬರೆಯದಿದ್ದರೆ ತಲೆ ಕೆಟ್ಟುಹೋಗುತ್ತದೆ.

ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ಸೊಂಟದ ಕೀಲಿಗೆ ಲೋಹ ಕೂರಿಸಿದ್ದಾರೆ, ಎಡ ಮೊಣಕಾಲಿಗೆ ಸ್ಕ್ರೂ. ಬಿಡುಗಡೆಯ ಚೀಟಿ ಬರೆಯುವ ಹುಡುಗಿ ಉದ್ಯೋಗ ಕೇಳಿದಳು. ಪೈಲಟ್ ಅಂದೆ.

"ಯಾವ ವಿಮಾನ ಸರ್?"

"ವಿಮಾನ ಅಲ್ಲಮ್ಮಾ, ಹಡಗು. ಕಡಲಲ್ಲಿ ಬಂದು ನಿಂತ ಹಡಗನ್ನ ಹತ್ತಿ, ಅಳಿವೆ ದಾಟಿಸಿ ಬಂದರಿಗೆ ತರೋನು."

"ಅವರಿಗೆ ಅವರದೇ ಕ್ಯಾಪ್ಟನ್ ಇರಲ್ವಾ?"

ಈ ಬಂದರಿನ ಊರು ಬರಾಂಕಿಯಾದಲ್ಲೇ ಹುಟ್ಟಿ ಬೆಳೆದವಳು, ನೋಡಿ! ಅವರ ಕ್ಯಾಪ್ಟನ್ನಿಗೆ ನಮ್ಮ ಅಳಿವೆ ಏನು ಗೊತ್ತು? ಮಗ್ದಲೇನಾ ನದಿ ಮೇಲಿನಿಂದ ಮರಳು ಹೊತ್ತು ತಂದು ಮನಸ್ಸು ಬಂದಲ್ಲಿ ಸುರಿಯುತ್ತಾಳೆ. ನಿನ್ನೆ ಇದ್ದ ಆಳ ಇವತ್ತಿಲ್ಲ. ಆ ನೀರನ್ನು ನಂಬದಿದ್ದದ್ದಕ್ಕೇ ನಾನು ಇಷ್ಟು ವರ್ಷ ಒಂದು ಹಡಗನ್ನೂ ಮರಳಿಗೆ ಹತ್ತಿಸಲಿಲ್ಲ. ಇನ್ನು ಜನರನ್ನೂ ಹಾಗೇ ನೋಡಬೇಕು. ಮನೆಗೆ ಬರುವ ದಾರಿಯಲ್ಲಿ ಆ ಹುಡುಗಿ ಬರೆದ ಚೀಟಿಯನ್ನು ಕೊನೆಯತನಕ ಓದಿದೆ.

ಜನವರಿ 23

ಯಮೀಲೆ ಬಂದಿದ್ದಳು. ನನ್ನ ಹೆಂಡತಿ ದಿಲಿಯಾ ವರಾಂಡದ ತೂಗುಕುರ್ಚಿಯಲ್ಲಿ ಅವಳನ್ನು ಕೂರಿಸಿ ಬೇಯಿಸಿದ ಮರಗೆಣಸು, ಮೊಸರುಕೆನೆ ಕೊಟ್ಟಳು. ಚೆನ್ನಾಗಿ ತಿಂದಳು. ತಿಂದಾದ ಮೇಲೆ ಕೈ ಒರೆಸಿಕೊಂಡು ಚೀಲದಿಂದ ಒಂದು ಸಣ್ಣ ಯಂತ್ರ ತೆಗೆದು ನನ್ನ ದನಿಯನ್ನೇ ನನಗೆ ಕೇಳಿಸಿದಳು. ಜನವರಿ ಆರರ ಮೂರು ರಾಜರ ಹಬ್ಬದ ಮಾರನೆಯ ಬೆಳಿಗ್ಗೆ, ಬೀಳುವ ಮುಂಚೆ, ರೇಡಿಯೋದಲ್ಲಿ ನಾನು ಹಡಗಿಗೆ ಹೇಳಿದ ಮಾತು: "ಏಣಿ ಚೆನ್ನಾಗಿದೆ, ಬರ್ತಾ ಇದ್ದೀನಿ."

"ಹಡಗಿನ ವಿಮೆಯವರು ಇದೊಂದನ್ನೇ ಹಿಡ್ಕೊಂಡು ಕೂತಿದ್ದಾರೆ ಕ್ಯಾಪ್ಟನ್" ಅಂದಳು. "ಏಣಿ ಸರಿಯಾಗಿದೆ ಅಂತ ಪೈಲಟ್ಟೇ ಹೇಳಿದ್ಮೇಲೆ ನಾವ್ಯಾಕೆ ಕೊಡ್ಬೇಕು ಅಂತಾರೆ."

"ಅದು ಸುಮ್ನೆ ಹೇಳೋ ಮಾತು."

"ಸುಮ್ನೆ ಅಂದ್ರೆ?"

ಸುಮ್ಮನೆ ಅಂದರೆ ಸುಮ್ಮನೆ. ನಮ್ಮನ್ನು ಹಡಗಿಗೆ ಒಯ್ಯುವ ಲಾಂಚು ಅಳಿವೆಯ ತಡೆಗೋಡೆಯ ತುದಿ ದಾಟುತ್ತಿದ್ದ ಹಾಗೇ ಪ್ರತಿಯೊಬ್ಬ ಪೈಲಟ್ಟೂ ಹಾಗೆನ್ನುತ್ತಾನೆ. ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಅಷ್ಟು ದೂರದಿಂದ ಕಣ್ಣಿಗೆ ಬೀಳುವುದೂ ಇಲ್ಲ. ಆದರೂ ಹೇಳುತ್ತೇವೆ, ದೇವರ ದಯೆ ಅಂದ ಹಾಗೆ. ನನಗೆ ಕೆಲಸ ಕಲಿಸಿದವರೂ ಹೇಳುತ್ತಿದ್ದರು. ಏಣಿಯನ್ನು ಕೈಯಲ್ಲಿ ಹಿಡಿದು ಜಗ್ಗಿ ನೋಡಿದ ಮೇಲೆ ಹೇಳಬೇಕು ಅಂತ ನಿಯಮವೇನೋ ಇದೆ. ಈ ತಿಂಗಳುಗಳ ಗಾಳಿಯಲ್ಲಿ, ಅಳಿವೆಯ ಬಾಯಲ್ಲಿ, ಪಕ್ಕಕ್ಕೆ ಹೋದ ಮೇಲೆ ಏಣಿ ಚೆನ್ನಾಗಿಲ್ಲ ಅಂದರೆ ಹಡಗು ಮತ್ತೆ ಹೊರಗೆ ಹೋಗಿ ಸುತ್ತು ಹಾಕಿ ಬರಬೇಕು. ಹಾಗಂದವನನ್ನು ನಮ್ಮವರು ವರ್ಷವಿಡೀ 'ಅಮ್ಮಣ್ಣಿ' ಅಂತ ಕರೆಯುತ್ತಾರೆ.

ಅವತ್ತಿನ ಹಡಗು ಗೋಧಿ ತುಂಬಿಕೊಂಡು ಬಂದಿತ್ತು. ಏಣಿಯ ಎಡಗಡೆಯ ಹಗ್ಗವನ್ನು ಡೆಕ್ಕಿನ ಕೊಂಡಿಗೆ ಕಟ್ಟುವ ಬದಲು ಕಂಬಿಗೆ ಸುತ್ತಿ ಬಿಟ್ಟಿದ್ದರು. ಅದು ಗೊತ್ತಾದದ್ದು ನಾನು ಅರ್ಧ ಹತ್ತಿದ ಮೇಲೆ, ಹಗ್ಗ ಜಾರಿದಾಗ. ಬೀಳುವಾಗ ಲಾಂಚಿನ ಅಂಚಿಗೆ ಸೊಂಟ ಬಡಿಯಿತು, ಆಮೇಲೆ ನೀರು. ಲಾಂಚು ನಡೆಸುವ ತಾಂಡೇಲ ಉಲ್ಪಿಯಾನೊ ಕಾಲರ್ ಹಿಡಿದು ಎಳೆದುಕೊಂಡ. ಇಲ್ಲದಿದ್ದರೆ ಹಡಗಿನ ಹೊಟ್ಟೆಗೂ ಲಾಂಚಿಗೂ ನಡುವೆ ಅರೆದುಹೋಗುತ್ತಿದ್ದೆ.

"ಸರಿ, ಇದನ್ನೇ ಹೇಳೋಣ" ಅಂದಳು ಯಮೀಲೆ. "ಎಲ್ಲರೂ ನೋಡದೇನೇ ಹೇಳ್ತಾರೆ ಅಂತ."

"ಹೇಳಿದ್ರೆ ಬಂದರಿನ ಎಲ್ಲ ಪೈಲಟ್‌ಗಳ ಲೈಸೆನ್ಸಿಗೂ ಕುತ್ತು ಬರುತ್ತೆ ಮೇಡಂ. ನನ್ನ ಜೊತೆಯವರನ್ನ ನಾನೇ ಸಿಕ್ಕಿಸಲಾ?"

"ಹಾಗಾದ್ರೆ ಆ ಏಣೀನ ಹತ್ತಿರದಿಂದ ನೋಡಿದೋನು ಉಲ್ಪಿಯಾನೊ ಒಬ್ಬನೇ. ನಿಮ್ಮ ಪರಿಹಾರ ಅವನ ಬಾಯಲ್ಲಿದೆ."

ಪೈಲಟ್ಟಿಗೆ ಸಂಬಳವಿಲ್ಲ, ಹತ್ತಿದ ಹಡಗಿಗೆ ಇಷ್ಟು ಅಂತ. ಈ ಸೊಂಟ ಇನ್ನು ಯಾವ ಹಡಗನ್ನೂ ಹತ್ತುವುದಿಲ್ಲ. ಪರಿಹಾರ ಬರಲಿಲ್ಲವೆಂದರೆ ಈ ಮನೆ ಮಾರಬೇಕು. ಅದು ಹೋಗಿ ಹೋಗಿ ಒಬ್ಬ ತಾಂಡೇಲನ ಬಾಯಲ್ಲಿದೆ. ಹೋಗುವಾಗ ಯಮೀಲೆ ಮತ್ತೊಂದು ಮರಗೆಣಸು ಕಟ್ಟಿಸಿಕೊಂಡು ಹೋದಳು. ಅವಳ ಪಾಲು ಗೆದ್ದರೆ ಮಾತ್ರವಂತೆ. ಸೋತರೂ ಅವಳಿಗೆ ಬೇರೆ ಕಡೆಯಿಂದ ಬರುತ್ತದೋ ಏನೋ, ಯಾರು ಕಂಡರು.

ಜನವರಿ 28

ಎದುರು ರಸ್ತೆಯಲ್ಲಿ ಬೂದು ಬಣ್ಣದ ವ್ಯಾನು. ನಿನ್ನೆಯೂ ಇತ್ತು. ವಿಮೆಯವರು ಇಂಥ ಕೇಸುಗಳಲ್ಲಿ ಗುಟ್ಟಾಗಿ ವಿಡಿಯೋ ತೆಗೆಸುತ್ತಾರೆ ಅಂತ ಯಮೀಲೆಯೇ ಹೇಳಿದ್ದಳು.

ವ್ಯಾಯಾಮ ಮಾಡಿಸುವವನು ಬಂದು ವರಾಂಡದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ ಅಂದ. ನಡೆಯಲಿಲ್ಲ. ಒಳಗೆ ಮಂಚದ ಮೇಲೆ ಮಾಡುತ್ತೇನೆ ಅಂದೆ. ಅದನ್ನೂ ಮಾಡಲಿಲ್ಲ, ಕಿಟಕಿಗೆ ಪರದೆಯಿಲ್ಲ.

"ಅದು ಮೂಲೆ ಮನೆಯೋರ ಅಳಿಯನ ವ್ಯಾನು ಕಣೋ ಮುದುಕಾ" ಅಂದಳು ದಿಲಿಯಾ. "ಕಾರ್ನಿವಲ್‌ಗೆ ಬಟ್ಟೆ ಮಾರೋಕೆ ಬಂದಿದ್ದಾನೆ."

"ನಿಂಗ್ಯಾರು ಹೇಳಿದ್ದು?"

"ಅವನೇ."

"ನೋಡಿದ್ಯಾ, ಅವನೇ!"

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಅಂದುಕೊಂಡು ಒಳಗೆ ಹೋದಳು. ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಅವಳೂ ಈಗ ಕಾರ್ನಿವಲ್ ಬಟ್ಟೆ ಹೊಲಿಯುತ್ತಿದ್ದಾಳೆ. ಯಾರಿಗೆ ಅಂತ ಕೇಳಲಿಲ್ಲ.

ಫೆಬ್ರವರಿ 1

ಉಲ್ಪಿಯಾನೊ ಬಂದಿದ್ದ. ಆಸ್ಪತ್ರೆಯ ನಂತರ ಇದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತ, ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ. ಮಾತಿಗೊಮ್ಮೆ ಬೀದಿಯ ಕಡೆ ನೋಡುತ್ತಿದ್ದ. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಹೇಗಿದ್ದೀರಿ ಕ್ಯಾಪ್ಟನ್?"

"ನೀನೇ ನೋಡ್ತಿದ್ದೀಯಲ್ಲ."

"ವಿಮೆಯವರು ಕರ್ಸಿದ್ರು ನನ್ನ. ಹೋಗಿದ್ದೆ."

"ಏನಂದ್ರು?"

"ಏನೇನೋ ಕೇಳಿದ್ರು. ನಂಗೆ ಅವರ ಭಾಷೆ ಅರ್ಥ ಆಗ್ಲಿಲ್ಲ. ಏನೂ ಹೇಳ್ದೆ ಬಂದ್ಬಿಟ್ಟೆ." ಮತ್ತೆ ಬೀದಿಯ ಕಡೆ ನೋಡಿ, "ಚಿಂತೆ ಮಾಡ್ಬೇಡಿ" ಅಂದ.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಹಿತ್ತಿಲ ಬಾಗಿಲಿಂದ ಹೋದ. ಮುಂದಿನ ಬಾಗಿಲು ಇರಲಿಲ್ಲವೇ ಇವನಿಗೆ?

ನಾನು ಕೇಳುವ ಮೊದಲೇ ವಿಮೆಯವರ ಮಾತು ಯಾಕೆ ಎತ್ತಿದ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಕಳ್ಳ ಅಂದಿರಲೇ ಇಲ್ಲ.

ಫೆಬ್ರವರಿ 2

"ಅವನ್ನೇ ಬಾಯಿಬಿಟ್ಟು ಕೇಳಿದ್ರೆ ಆಗ್ತಿತ್ತಪ್ಪ" ಅಂತ ದಿಲಿಯಾ. ಹೆಂಗಸರಿಗೆ ಎಲ್ಲ ಸುಲಭ. ಕೇಳಿದರೆ ಅವನು ಹುಷಾರಾಗುತ್ತಾನೆ. ಗಾಳಿ ಜೋರಾಗಿದೆ. ಸೊಂಟ ನೋಯುತ್ತಿದೆ.

ಫೆಬ್ರವರಿ 8

ಎವಾರಿಸ್ತೊ ದೊನಾದೊ ದೊಡ್ಡ ಪಾತ್ರೆ ತುಂಬ ತೊಗರಿಕಾಳು, ಉಪ್ಪುಕಂಡದ ಸಾರು ತಂದಿದ್ದ. ನಮ್ಮ ಪೈಲಟ್‌ಗಳ ಸಂಘದ ಅಧ್ಯಕ್ಷ. ನನ್ನ ಮಗಳ ನಾಮಕರಣಕ್ಕೆ ಧರ್ಮತಂದೆಯಾಗಿ ನಿಂತವನು, ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಅನ್ನುವುದು. ಮಗಳು ಈಗ ಗಂಡನ ಜೊತೆ ಸಾಂತಾ ಮಾರ್ತಾದಲ್ಲಿದ್ದಾಳೆ. ಅವನಿಗೆ ಅವಳ ಹುಟ್ಟುಹಬ್ಬ ಇನ್ನೂ ನೆನಪಿದೆ. ಇಂಥವನ ಹತ್ತಿರ ಮಾತಾಡಿದರೆ ಎದೆ ಹಗುರ.

"ಕೊಂಪಾದ್ರೆ, ನೋಡಿದ್ದನ್ನ ಹೇಳ್ತೀನಿ, ತಪ್ಪು ತಿಳೀಬೇಡ" ಅಂದ. "ನಿನ್ನ ಉಲ್ಪಿಯಾನೊ ವಿಮೆಯವರ ಕಾರಿಂದ ಇಳಿಯೋದು ಕಂಡೆ."

ನನಗೆ ಗೊತ್ತಿತ್ತು! ಗೊತ್ತಿತ್ತು ನನಗೆ.

"ಉಂಡ ಮನೆಗೆ ಎರಡು ಬಗೆಯೋ ಜಾತಿ" ಅಂದೆ.

ದೊನಾದೊ ತೂಗುಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಅವನು ಹೇಳಿದ್ದು ಇಷ್ಟು. ಹಡಗಿನವರ ಮೇಲೆ ಹೋದರೆ ರೇಡಿಯೋ ಮಾತು ಎದ್ದು ಬರುತ್ತದೆ, ಸಂಘದ ಮಾನ ಹೋಗುತ್ತದೆ, ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಅದರ ಬದಲು, ತೆರೆಗೆ ಲಾಂಚು ಮೇಲೆದ್ದು ಏಣಿಗೆ ಕೆಳಗಿನಿಂದ ಬಡಿಯಿತು, ತಾಂಡೇಲ ಹೊತ್ತಿಗೆ ಸರಿಯಾಗಿ ಲಾಂಚನ್ನು ದೂರ ಸರಿಸಲಿಲ್ಲ ಅಂತ ನಾನು ಬರೆದುಕೊಟ್ಟರೆ ಲಾಂಚಿನ ವಿಮೆಯವರು ಬೇಗ ಕೊಡುತ್ತಾರೆ. ದೊಡ್ಡ ಮೊತ್ತವಲ್ಲ. ಮನೆ ಉಳಿಯುತ್ತದೆ.

"ಅವನಿಗೇನಾಗುತ್ತೆ?"

"ಏನಾಗುತ್ತೆ? ಸ್ವಲ್ಪ ದಿನ ಲಾಂಚು ಹತ್ತೋ ಹಾಗಿಲ್ಲ ಅಂತಾರೆ. ನೀನು ಬಿದ್ದಾಗ ಕೆಳಗೆ ನೋಡ್ತಿದ್ಯಾ? ಲಾಂಚು ಬಡೀಲೇ ಇಲ್ಲ ಅಂತ ಆಣೆ ಮಾಡಿ ಹೇಳ್ತೀಯಾ?"

ಕೆಳಗೆ ನೋಡುತ್ತಿರಲಿಲ್ಲ, ಅದು ನಿಜ. ಯೋಚಿಸುತ್ತೇನೆ ಅಂದೆ.

ಸಾರು ರುಚಿಯಾಗಿತ್ತು. ದಿಲಿಯಾ ಮುಟ್ಟಲಿಲ್ಲ.

ಫೆಬ್ರವರಿ 14

ಕಾರ್ನಿವಲ್ ಶನಿವಾರ. ಬೆಳಗಿನಿಂದ ಡೋಲು. ಮೂಗಿನಿಂದ ಸೊಂಡಿಲು ಜೋತುಬಿದ್ದ ಮುಖವಾಡ ಹಾಕಿದವನೊಬ್ಬ ಗೇಟು ತಳ್ಳಿಕೊಂಡು ಒಳಗೆ ಬಂದು, ಪೀಪಿ ಊದುತ್ತ ನನ್ನ ಸುತ್ತ ಕುಣಿದ.

"ಏಳಿ ಕ್ಯಾಪ್ಟನ್, ಒಂದು ಸುತ್ತು! ಸೊಂಟ ತಾನೇ ಮುರಿದಿರೋದು, ಕುಣಿಯೋಕೆ ಕಾಲು ಸಾಕು!"

ಬೀದಿಯೆಲ್ಲ ನಕ್ಕಿತು. ನಾನು ಎದ್ದರೆ ಅದು ಎಲ್ಲೋ ಒಂದು ಕಡೆ ವಿಡಿಯೋ ಆಗುತ್ತದೆ ಅಂತ ನನಗೆ ಖಾತ್ರಿಯಾಗಿತ್ತು. ಊರುಗೋಲು ಬೀಸಿದೆ. ಅವನ ಮುಖವಾಡ ಓರೆಯಾಯಿತು. ಬ್ರೆಡ್ ಅಂಗಡಿಯವನು.

ದಿಲಿಯಾ ಅವನ ಕ್ಷಮೆ ಕೇಳಿದಳು. ಸಂಜೆ ಎದ್ದು ನಿಲ್ಲಲು ನೋಡಿದೆ. ಕಾಲು ಮೊದಲಿಗಿಂತ ಬಿಗಿದಿದೆ, ಮರದ ಹಾಗೆ. ವ್ಯಾಯಾಮದವನು ಈ ವಾರ ಬರಲಿಲ್ಲ. ಅವನನ್ನೂ ಯಾರೋ ತಡೆದಿರಬೇಕು. ಇಲ್ಲ, ನಾನೇ ಬೇಡ ಅಂದಿದ್ದೆ, ಈಗ ನೆನಪಾಯಿತು.

ಫೆಬ್ರವರಿ 18

ಬೂದಿ ಬುಧವಾರ. ದೊನಾದೊ ಚರ್ಚಿನಿಂದ ನೇರ ಬಂದ. ಹಣೆಯ ಮೇಲೆ ಬೂದಿಯ ಶಿಲುಬೆ. ಕಾಗದ ತಂದಿದ್ದ.

ಸಹಿ ಹಾಕಿದೆ.

ಯಮೀಲೆಗೆ ಹೇಳಿಲ್ಲ. ಹೇಳಿದರೆ ತಡೆಯುತ್ತಾಳೆ, ಅವಳಿಗೆ ಬೇಕಾದದ್ದು ದೊಡ್ಡ ಕೇಸು. ದಿಲಿಯಾಗೂ ಹೇಳಿಲ್ಲ. ಉಲ್ಪಿಯಾನೊ ನನ್ನನ್ನು ಮಾರುವ ಮೊದಲು ನಾನು ಕೈ ತೊಳೆದುಕೊಂಡೆ, ಅಷ್ಟೇ. ಅವನು ಮಾಡಿದ್ದನ್ನೇ ನಾನೂ ಮಾಡಿದ್ದು. ದೊನಾದೊ ಕಾಗದ ಮಡಚಿ ಒಳಜೇಬಿಗೆ ಇಟ್ಟುಕೊಂಡು, ನನ್ನ ಭುಜ ತಟ್ಟಿ, ಕಾಫಿಯೂ ಕುಡಿಯದೆ ಹೋದ.

ಫೆಬ್ರವರಿ 19

ನಿದ್ದೆ ಇಲ್ಲ. ಸೊಂಟದಿಂದಲೇ ಇರಬೇಕು.

ಮಾರ್ಚ್ 5

ಬಂದರು ಅಧಿಕಾರಿಯ ಕಚೇರಿಯಲ್ಲಿ ವಿಚಾರಣೆ. ಉದ್ದನೆಯ ಮೇಜು, ತಲೆಯ ಮೇಲೆ ಫ್ಯಾನು, ಎಲ್ಲರ ಕಾಗದವೂ ಹಾರುತ್ತಿತ್ತು. ಹಡಗಿನ ವಿಮೆಯ ವಕೀಲ ಒಂದು ಕಡೆ, ದೊನಾದೊ ಅವನ ಹತ್ತಿರ. ಯಮೀಲೆ ನನ್ನ ಪಕ್ಕ. ಉಲ್ಪಿಯಾನೊ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಅವನನ್ನು ನೋಡಿದೊಡನೆ ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಅಂಗಿ ಇವನಿಗೆ ಯಾರು ಕೊಡಿಸಿದರು ಅಂತ.

ಮೊದಲು ಅವನನ್ನೇ ಕರೆದರು.

"ಏಣಿ ನೋಡಿದ್ಯಾ?" ಅಂತ ಅಧಿಕಾರಿ ಕೇಳಿದ.

"ನೋಡ್ದೆ ಸಾಹೇಬ್ರೆ. ಎಡಗಡೆ ಹಗ್ಗ ಕಂಬಿಗೆ ಸುತ್ತಿತ್ತು, ಕಟ್ಟಿರ್ಲಿಲ್ಲ. ಪಕ್ಕಕ್ಕೆ ಹೋದಾಗ ನಂಗೆ ಕಾಣಿಸ್ತು. ಕೂಗೋಷ್ಟರಲ್ಲಿ ಕ್ಯಾಪ್ಟನ್ ಏಣಿ ಮೇಲಿದ್ರು. ಅದು ನಂದೂ ತಪ್ಪೇ."

"ಏಣಿ ಚೆನ್ನಾಗಿದೆ ಅಂತ ಪೈಲಟ್ ರೇಡಿಯೋದಲ್ಲಿ ಹೇಳಿದ್ದಾರಲ್ಲ?"

ಉಲ್ಪಿಯಾನೊ ದೊನಾದೊನ ಕಡೆ ಒಂದು ಸಲ ನೋಡಿದ. "ಅದನ್ನ ಎಲ್ಲರೂ ಹೇಳ್ತಾರೆ ಸಾಹೇಬ್ರೆ. ತಡೆಗೋಡೆ ದಾಟ್ತಿದ್ದ ಹಾಗೇನೇ. ಅಲ್ಲಿಂದ ಏಣಿ ಕಾಣೋದೇ ಇಲ್ಲ. ಅಧ್ಯಕ್ಷರೂ ಹೇಳ್ತಾರೆ. ನನ್ನ ಲಾಂಚಲ್ಲಿ ಹೋದವ್ರಲ್ಲಿ ಹೇಳ್ದೆ ಇದ್ದೋರು ಒಬ್ಬರೂ ಇಲ್ಲ. ಇದನ್ನ ಹೇಳ್ಬೇಡ, ಕ್ಯಾಪ್ಟನ್ ಮನೆ ಕಡೆ ತಲೆ ಹಾಕ್ಬೇಡ ಅಂತ ಲಾಂಚಿನ ಮಾಲೀಕರು ಅಂದಿದ್ರು. ನಾನು ಒಂದ್ಸಲ ಹಿತ್ತಿಲಿಂದ ಹೋಗ್ಬಂದೆ. ಈಗ ಹೇಳ್ಬಿಟ್ಟೆ. ಏನ್ಮಾಡ್ತಾರೋ ಮಾಡ್ಲಿ."

ವಿಮೆಯವರ ಕಾರಿನ ವಿಷಯವನ್ನು ಅವನೇ ಹೇಳಿದ. ತಾವು ಬರೆದಿಟ್ಟ ಹೇಳಿಕೆಗೆ ಸಹಿ ಹಾಕಿಸಲು ಅವರೇ ಬಂದು ಹತ್ತಿಸಿಕೊಂಡು ಹೋಗಿದ್ದರಂತೆ. ಹಾಕದಿದ್ದಾಗ ಬಂದರಿನ ಗೇಟಿನ ಹತ್ತಿರ ಇಳಿಸಿ ಹೋದರಂತೆ.

ಆಗ ವಿಮೆಯ ವಕೀಲ ನನ್ನ ಕಾಗದ ತೆಗೆದ. ದೊನಾದೊ ಲಾಂಚಿನ ವಿಮೆಯವರಿಗೆ ಅಂತ ಹೇಳಿ ಒಯ್ದದ್ದು ಹಡಗಿನವರ ಈ ವಕೀಲನ ಕೈ ಸೇರಿತ್ತು. ಎದ್ದು ನಿಂತು, ನಿಧಾನವಾಗಿ, ಒಂದೊಂದೇ ಸಾಲು ಓದಿದ. ತಾಂಡೇಲ ಉಲ್ಪಿಯಾನೊ ಪೆರ್ತುಸ್‌ನ ನಿರ್ಲಕ್ಷ್ಯದಿಂದ. ಹೊತ್ತಿಗೆ ಸರಿಯಾಗಿ ಲಾಂಚು ಸರಿಸದೆ. ನನ್ನ ಹೆಸರು, ನನ್ನ ಸಹಿ, ತಾರೀಖು.

ಯಮೀಲೆ ಪೆನ್ನು ಕೆಳಗಿಟ್ಟಳು. ಉಲ್ಪಿಯಾನೊ ನನ್ನ ಕಡೆ ತಿರುಗಿದ. ಅವತ್ತು ವರಾಂಡದಲ್ಲಿ ಕಣ್ಣಿಗೆ ಕಣ್ಣು ಕೊಡದಿದ್ದವನು ಈಗ ನೇರ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ನಿಮ್ಮ ಸಹಿ ತಾನೇ?" ಅಂದ ಅಧಿಕಾರಿ.

ಊರುಗೋಲು ಸಿಗಲಿಲ್ಲ. ಮೇಜು ಹಿಡಿದು ಎದ್ದೆ. "ಸಹಿ ನಂದು. ಬರೆದಿರೋದು ಸುಳ್ಳು. ಲಾಂಚು ಏಣಿಗೆ ಬಡೀಲಿಲ್ಲ. ಇವನು ನನ್ನ ನೀರಿಂದ ಎತ್ತಿದೋನು. ಇವನು ಹೇಳಿದ್ದೆಲ್ಲ ನಿಜ, ನಾನು ಏಣಿ ನೋಡ್ದೇನೇ ಹೇಳ್ದೆ."

"ಕೂತ್ಕೋ ಕೊಂಪಾದ್ರೆ, ಹುಷಾರಿಲ್ಲ ನಿಂಗೆ" ಅಂದ ದೊನಾದೊ.

"ಹುಷಾರಾಗಿದ್ದೀನಿ" ಅಂದೆ. ಯಾರೋ ನನ್ನ ತೋಳು ಹಿಡಿದು ಕೂರಿಸಿದರು. ಯಮೀಲೆ.

ಉಲ್ಪಿಯಾನೊ ಹೊರಗೆ ಕಾಯಲಿಲ್ಲ.

ಮಾರ್ಚ್ 6

ದಿಲಿಯಾಗೆ ಎಲ್ಲ ಹೇಳಿದೆ. ಹೊಲಿಗೆ ನಿಲ್ಲಿಸಿ ಕೇಳಿದಳು. ಬೈಯುತ್ತಾಳೆ ಅಂದುಕೊಂಡೆ. "ಊಟ ಮಾಡು" ಅಂದಳು. ನಾನು ವರಾಂಡದಿಂದ ಗೇಟಿನವರೆಗೆ ನಡೆದು ಬಂದೆ. ವ್ಯಾನು ನಿಂತೇ ಇತ್ತು. ಇರಲಿ.

ಮಾರ್ಚ್ 30

ತೀರ್ಪು ಬಂತು. ಏಣಿ ಕಟ್ಟಿದ್ದೇ ತಪ್ಪು, ಹಡಗಿನವರು ಕೊಡಬೇಕು. ನೋಡದೆ ಹೇಳಿದ್ದಕ್ಕೂ ಸುಳ್ಳು ಬರೆದುಕೊಟ್ಟದ್ದಕ್ಕೂ ನನ್ನ ಪಾಲಿನಲ್ಲಿ ಒಂದಿಷ್ಟು ಕಡಿತ. "ಆ ಕಾಗದ ಇಲ್ದಿದ್ರೆ ಪೂರ್ತಿ ಬರ್ತಿತ್ತು, ದೇವರಂಥ ಕ್ಯಾಪ್ಟನ್" ಅಂತ ಯಮೀಲೆ ಹಲ್ಲು ಕಡಿದಳು. ಮನೆಯಂತೂ ಉಳಿಯಿತು. ಇನ್ನು ಮೇಲೆ ಏಣಿ ಕೈಗೆ ಸಿಗುವ ತನಕ ಯಾರೂ ರೇಡಿಯೋದಲ್ಲಿ ಬಾಯಿ ತೆರೆಯಬಾರದು ಅಂತ ಸಂಘದಲ್ಲಿ ನೋಟೀಸು ಅಂಟಿಸಿದ್ದಾರಂತೆ. ನನ್ನನ್ನು ನೋಡಲು ಅಲ್ಲಿಂದ ಯಾರೂ ಬಂದಿಲ್ಲ.

ಲಾಂಚಿನ ಮಾಲೀಕ ವಿಚಾರಣೆಯ ಮಾರನೆಯ ದಿನವೇ ಉಲ್ಪಿಯಾನೊನನ್ನು ಕೆಲಸದಿಂದ ಬಿಡಿಸಿಬಿಟ್ಟನಂತೆ. ಇವತ್ತು ಬಸ್ಸು ಹತ್ತಿ ಅವನ ಮನೆಗೆ, ಲಾಸ್ ಫ್ಲೋರೆಸ್‌ಗೆ ಹೋದೆ. ನದಿಯ ದಂಡೆಯಲ್ಲಿ ಅಣ್ಣನ ದೋಣಿಯ ಬಲೆ ಬಿಡಿಸುತ್ತ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ಒಳಗಿನಿಂದ ಕುರ್ಚಿ ತಂದು ಹಾಕಿದ, ಅವನ ಹೆಂಡತಿ ಕಾಫಿ ಕೊಟ್ಟಳು. ಯಾವುದಕ್ಕೂ ಕಡಿಮೆ ಮಾಡಲಿಲ್ಲ.

"ನಾನು ಮಾಡಿದ್ದು ತಪ್ಪು, ಉಲ್ಪಿಯಾನೊ."

"ಹೌದು ಕ್ಯಾಪ್ಟನ್."

"ದುಡ್ಡು ಬಂದ್ಮೇಲೆ ನಿಂಗೊಂದು ದೋಣಿ..."

"ಬೇಡ ಕ್ಯಾಪ್ಟನ್."

ಬಲೆಯ ಗಂಟು ಬಿಡಿಸುತ್ತಲೇ ಇದ್ದ. ಆಮೇಲೆ ಕೇಳಿದ: "ನಿಮ್ಮ ವರಾಂಡದಲ್ಲಿ ಬಂದು ಕೂತಿದ್ನಲ್ಲ. ಆಗ್ಲೇ ಕೇಳ್ಬಹುದಿತ್ತಲ್ವಾ, ಲೇ, ನೀನು ಯಾರ ಕಡೆ ಅಂತ?"

"ಕೇಳಿದ್ರೂ ನಂಬ್ತಿರ್ಲಿಲ್ಲ."

"ಅದೂ ನಿಜಾನೇ" ಅಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಸ್ಸಿನ ತನಕ ನನ್ನ ತೋಳು ಹಿಡಿದು ನಡೆಸಿಕೊಂಡು ಬಂದ, ಮೆಟ್ಟಿಲು ಹತ್ತಿಸಿದ. ಕೆಳಗೆ ನಿಂತು ಹೇಳಿದ: "ನೀವು ನಾಳೆ ನೀರಿಗೆ ಬಿದ್ರೆ ನಾಳೆಯೂ ಎತ್ತೀನಿ. ಆದ್ರೆ ಇನ್ಮೇಲೆ ನಮ್ಮನೆಗೆ ಬರ್ಬೇಡಿ ಕ್ಯಾಪ್ಟನ್."

ಬಸ್ಸು ಹೊರಟಿತು. ಸೀಟಿನಲ್ಲಿ ಕೂತು, ಅಭ್ಯಾಸಬಲದಿಂದ, ಅವನ ಮಾತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಇದೆಯೇ ಅಂತ. ಮನೆ ತಲುಪುವ ತನಕ ನೋಡಿದೆ. ಏನೂ ಇರಲಿಲ್ಲ. ಬರಬೇಡಿ ಅಂದರೆ ಬರಬೇಡಿ ಅಂತಲೇ.